ಜೊಂಡು ಕೊಯ್ಯೋದು ತಪ್ಪಾ? ಇಂಗ್ಲೆಂಡಿನ ನಾರ್ಫೋಕ್ ಹಕ್ಕಿ ಪೋಸ್ಟರ್ ಮೇಲೆ ನಮ್ಮ ಗುಂಪಿನ ಚರ್ಚೆ

ಗುಂಪು: ಪ್ರಾಣಿಶಾಸ್ತ್ರ ಹಳೇ ವಿದ್ಯಾರ್ಥಿಗಳು

ಸುಮಾ, 7:12
(ಚಿತ್ರ) ನಾರ್ವಿಚ್ ಕಡೆ ಇರೋ ಕನ್ನಡದ ಮಕ್ಕಳಿಗೆ ಅಂತ ಮಾಡಿರೋ ಪೋಸ್ಟರ್ ಇದು. "ನಾರ್ಫೋಕ್‌ನ 20 ಸಾಮಾನ್ಯ ಹಕ್ಕಿಗಳು." ಕೆರೆ, ಹೊಲ, ಕಾಡು, ಕಡಲು ಅಂತ ನಾಲ್ಕು ಭಾಗ. ಕೆಳಗಡೆ ದಪ್ಪಕ್ಷರದಲ್ಲಿ "ಜೊಂಡು ಕೊಯ್ಯುವುದನ್ನು ನಿಲ್ಲಿಸಿ, ಹಕ್ಕಿ ಉಳಿಸಿ." ಅಚ್ಚಿಗೆ ಹೋಗೋ ಮುಂಚೆ ಎಲ್ರೂ ಒಂದ್ಸಲ ನೋಡಿ.

ಪ್ರಸನ್ನ, 7:30
ಆ ಕೊನೇ ಸಾಲು ತೆಗೆಸಲೇಬೇಕು ಸುಮಾ. ಜೊಂಡು ಕೊಯ್ಯದೇ ಬಿಟ್ರೆ ಅಲ್ಲಿ ಜೊಂಡೇ ಉಳಿಯಲ್ಲ.

ರಘು, 7:38
ಹೇಗೋ? ಚಳಿಗಾಲದಲ್ಲಿ ಪೂರ್ತಿ ಬೋಳಿಸಿದ್ರೆ ಏಪ್ರಿಲ್‌ನಲ್ಲಿ ಆಫ್ರಿಕಾದಿಂದ ಬರೋ ರೀಡ್ ವಾರ್ಬ್ಲರ್ ಎಲ್ಲಿ ಗೂಡು ಕಟ್ಟಬೇಕು? ಅದು ಮೂರ್ನಾಲ್ಕು ಕಡ್ಡಿ ಸೇರಿಸಿ, ನೀರಿನ ಮೇಲೆ ತೊಟ್ಟಿಲ ಥರ ಗೂಡು ಹೆಣೆಯತ್ತೆ. ಆಗ ಹೊಸ ಚಿಗುರು ಇನ್ನೂ ಗಿಡ್ಡ. ಹೋದ ವರ್ಷದ ಒಣಕಡ್ಡಿ ನಿಂತಿದ್ರೇನೇ ಅದಕ್ಕೆ ಆಸರೆ. ಪೋಸ್ಟರ್ ಸಾಲು ನನಗೆ ಸರಿಯಾಗೇ ಕಾಣತ್ತೆ.

ಪ್ರಸನ್ನ, 7:55
ನೀನು ಹೇಳ್ತಿರೋದು ಒಂದು ವಸಂತದ ಲೆಕ್ಕ. ಹತ್ತಿಪ್ಪತ್ತು ವರ್ಷದ ಲೆಕ್ಕ ಹಾಕು. ಪ್ರತಿ ವರ್ಷ ಸತ್ತ ಎಲೆ, ಕಡ್ಡಿ ಬುಡದಲ್ಲೇ ಬಿದ್ದು ಕೊಳೆಯುತ್ತೆ. ತಳ ಇಂಚಿಂಚೇ ಮೇಲೇರಿ ನೀರು ತೆಳುವಾಗುತ್ತೆ. ಮೊದಲು ವಿಲೋ ಮರ ಬೇರು ಬಿಡತ್ತೆ, ಹಿಂದೇನೇ ಆಲ್ಡರ್ ಮರ. ಕೊನೆಗೆ ಅದು ಜೌಗು ಕಾಡು, ಅಲ್ಲಿನವರು ಕಾರ್ ಅಂತಾರೆ. ಅಲ್ಲಿ ನಿನ್ನ ರೀಡ್ ವಾರ್ಬ್ಲರ್‌ಗೂ ಜಾಗ ಇಲ್ಲ, ಜೊಂಡಲ್ಲೇ ಅವಿತಿರೋ ಬಕದ ಜಾತಿಯ ಬಿಟರ್ನ್‌ಗಂತೂ ಇಲ್ಲವೇ ಇಲ್ಲ.

ಬಿಟರ್ನ್‌ಗೆ ಜೊಂಡಿನ ಒಳಗೆ ಸುಮಾರು 20-30 ಸೆಂ.ಮೀ. ನೀರು ನಿಂತಿರಬೇಕು, ಆ ನೀರಲ್ಲಿ ಈಲ್, ರಡ್ ಮೀನು ಓಡಾಡ್ತಿರಬೇಕು. ಜೊಂಡಿನ ಬಯಲು ಒಣಗಿದ್ದೂ ಒಂದು ಮುಖ್ಯ ಕಾರಣವಾಗಿ 1997ರಲ್ಲಿ ಇಡೀ ಬ್ರಿಟನ್‌ನಲ್ಲಿ ಕೂಗೋ ಗಂಡು ಬಿಟರ್ನ್ 11ಕ್ಕೆ ಇಳಿದಿತ್ತು. ಕಾಲುವೆ ತೋಡಿ, ತಳ ಕೆರೆದು, ನೀರು ತುಂಬಿಸಿದ ಮೇಲೆ ಹೆಚ್ಚಿದವು. ಅದಕ್ಕೇ ಅದನ್ನ ಮಲ್ಲಾರ್ಡ್ ಬಾತು ಪಕ್ಕ "ಸಾಮಾನ್ಯ" ಅಂತ ಹಾಕಿರೋದೂ ತಪ್ಪು. ನಾರ್ಫೋಕ್‌ನಲ್ಲಿ ಅದರ ಕೂಗು ಕಿಲೋಮೀಟರ್ ದೂರದಿಂದ ಕೇಳತ್ತೆ, ಆದ್ರೆ ಹಕ್ಕಿ ಸುಲಭಕ್ಕೆ ಕಣ್ಣಿಗೆ ಬೀಳಲ್ಲ.

ಗಿರಿಜಕ್ಕ, 8:10
ಪ್ರಸನ್ನ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. "ಬ್ರಾಡ್ಸ್: ನೈಸರ್ಗಿಕ ಸರೋವರಗಳು" ಅಂತ ಬರೆದಿದ್ದಾರೆ. ನಾರ್ಫೋಕ್ ಕಡೆಯ ಆ ಕೆರೆಗಳು ಮಧ್ಯಯುಗದಲ್ಲಿ ಜನ ಉರುವಲಿಗೆ ಪೀಟ್ (ಜೌಗಿನಲ್ಲಿ ಅರೆಕೊಳೆತ ಗಿಡಗಳ ಮಣ್ಣು) ಅಗೆದ ಹಳ್ಳಗಳು, ಆಮೇಲೆ ನೀರು ನುಗ್ಗಿ ತುಂಬಿದ್ದು. 1950ರ ದಶಕದಲ್ಲಿ ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್ ತಳದ ಮಣ್ಣಿನಲ್ಲಿ ಕೊರೆದು ನೋಡಿ, ಹಳ್ಳದ ಗೋಡೆ ಕಡಿದಾಗಿ ಇರೋದನ್ನ ತೋರಿಸಿದ್ರು. ಮನುಷ್ಯರ ಕೈಯಿಂದಲೇ ಆದ ಜಾಗ ಅದು. ಕೈ ತೆಗೆದ್ರೆ ತಾನಾಗೇ ಹಾಗೇ ಉಳಿಯತ್ತೆ ಅಂದುಕೊಳ್ಳೋಕಾಗಲ್ಲ.

ರಘು, 8:19
ಅಕ್ಕ, ಅದು ಒಪ್ಪಿದೆ. ಆದ್ರೆ ಬೇರ್ಡೆಡ್ ಟಿಟ್? ಅದರ ಗೂಡು ಇರೋದೇ ಬುಡದಲ್ಲಿ ಕೂಡಿಬಿದ್ದ ಹಳೇ ಜೊಂಡಿನ ಒಳಗೆ. ಚಳಿಗಾಲದ ಊಟ ಜೊಂಡಿನ ತೆನೆಯ ಬೀಜ. ಡಿಸೆಂಬರ್‌ನಲ್ಲಿ ಕೊಯ್ದು ಕಟ್ಟು ಕಟ್ಟಿ ಹುಲ್ಲುಮಾಡಿಗೆ ಸಾಗಿಸಿದ್ರೆ ಮನೆಯೂ ಹೋಯ್ತು, ಊಟವೂ ಹೋಯ್ತು.

ಪ್ರಸನ್ನ, 8:41
ಅದಕ್ಕೇ ಎಲ್ಲವನ್ನೂ ಒಂದೇ ವರ್ಷ ಕೊಯ್ಯಬಾರದು. ಪಾಳಿ ಮೇಲೆ ಕೊಯ್ಯಬೇಕು: ಒಂದು ತುಂಡು ಈ ಚಳಿಗಾಲ, ಪಕ್ಕದ್ದು ಮುಂದಿನ ಸಲ, ಒಂದಷ್ಟು ಬಹಳ ವರ್ಷ ಮುಟ್ಟದೇ ಬಿಡೋದು. ಮಾಡಿಗೆ ಬೇಕಾದ ನೇರ ಕಡ್ಡಿ ಪ್ರತಿ ವರ್ಷ ಅಥವಾ ಎರಡು ವರ್ಷಕ್ಕೊಮ್ಮೆ ಕೊಯ್ದ ತುಂಡಲ್ಲೇ ಬರೋದು. ಮಾಡಿನ ನೆತ್ತಿಗೆ ಹಾಕೋ ಸೆಜ್ ಹುಲ್ಲೇ ಬೇರೆ. ಅದನ್ನ ಬೇಸಿಗೆಯಲ್ಲಿ, ಮೂರ್ನಾಲ್ಕು ವರ್ಷಕ್ಕೊಮ್ಮೆ ಕೊಯ್ತಾರೆ.

ಕೆಡೋದು ಎಲ್ಲಿ ಅಂದ್ರೆ:
ಎಲೆ ಉದುರೋ ಮುಂಚೆ ಕೊಯ್ದ್ರೆ ಕಟ್ಟಿನಲ್ಲಿ ಹಸಿ ಉಳಿದು ಮಾಡು ಬೇಗ ಕೊಳೆಯತ್ತೆ. ಮೊದಲ ಗಟ್ಟಿ ಹಿಮ ಬಿದ್ದು ಎಲೆ ಕಳಚಲಿ.
ಮಾರ್ಚ್ ಮುಗಿಯೋದ್ರೊಳಗೆ ನಿಲ್ಲಿಸದಿದ್ರೆ ಹೊಸ ಚಿಗುರು ಕಾಲಿಗೆ, ಕತ್ತಿಗೆ ಸಿಕ್ಕಿ ಮುಂದಿನ ಬೆಳೆ ಹಾಳು.
ಕೊಯ್ದ ತಕ್ಷಣ ನೀರು ಏರಿಸಿ ಕೂಳೆ ಮುಳುಗಿಸಿದ್ರೆ ಬೇರಿಗೆ ಗಾಳಿ ಸಿಗದೆ ಜೊಂಡು ಸಾಯತ್ತೆ. ತೂಬಿನ ಹಲಗೆ ಚಿಗುರು ನೀರಿನ ಮೇಲೆ ಬಂದಂತೆಲ್ಲಾ ನಿಧಾನವಾಗಿ ಏರಿಸಬೇಕು. ತೆರೆದ ಮಡು ಬೇಕು ಅಂದ್ರೆ ಮಾತ್ರ ಬೇಕಂತಲೇ ಮುಳುಗಿಸ್ತಾರೆ.
ಕಸರನ್ನ (ಬುಡದಲ್ಲಿ ಉಳಿದ ಸತ್ತ ಎಲೆ, ಕಡ್ಡಿ) ಕುಂಟೆಯಿಂದ ಎಳೆದು ಹೊರಗೆ ಹಾಕಲೇಬೇಕು. ಅಲ್ಲೇ ಬಿಟ್ರೆ ಕೊಯ್ದೂ ಕೊಯ್ಯದ ಹಾಗೆ.

ರಘು, 8:52
ಸರಿ. ಪಾಳಿ ಅಂದ್ರೆ ನನ್ನ ಹಕ್ಕಿಗೂ ಜಾಗ ಉಳಿಯತ್ತೆ, ಒಪ್ಪಿದೆ. ಆದ್ರೆ ಬರೀ "ಕೊಯ್ಯಿರಿ" ಅಂತ ಬರೆದ್ರೆ ಒಪ್ಪಲ್ಲ. "ಮುಟ್ಟದೇ ಬಿಟ್ಟ ತುಂಡು" ಅನ್ನೋ ಮಾತು ಪೋಸ್ಟರ್‌ನಲ್ಲಿ ಇರಲೇಬೇಕು.

ಗಿರಿಜಕ್ಕ, 9:05
ಅದೊಂದೇ ಅಲ್ಲ ಕಣ್ರೋ. "ಕಣಜ ಗೂಬೆ: ಕಾಡು" ಅಂತ ಬಾರ್ನ್ ಔಲ್‌ನ ಹಾಕಿದ್ದಾರೆ. ಅದಕ್ಕೆ ಬೇಕಿರೋದು ಒರಟು ಹುಲ್ಲಿನ ಬಯಲು, ಕಾಲುವೆ ಏರಿ, ಹೊಲದ ಬದು. ಒಣಹುಲ್ಲು ಮಡಚಿ ಬಿದ್ದು ಕೆಳಗೆ ಸುರಂಗ ಆಗಿರತ್ತಲ್ಲ, ಅಲ್ಲಿ ಓಡಾಡೋ ವೋಲ್ ಇಲಿಯೇ ಅದರ ಆಹಾರ. ಪ್ರತಿ ವರ್ಷ ಬುಡಮಟ್ಟ ಕತ್ತರಿಸಿದ ಹುಲ್ಲಲ್ಲಿ ವೋಲ್ ನಿಲ್ಲಲ್ಲ. ರೆಕ್ಕೆ ಮೆತ್ತಗೆ, ಸದ್ದಾಗಲ್ಲ, ಆದ್ರೆ ಬೇಗ ನೆನೆಯತ್ತೆ. ಅದಕ್ಕೇ ರಾತ್ರಿಯೆಲ್ಲಾ ಮಳೆ ಹೊಯ್ದ ಮರುದಿನ ಮಧ್ಯಾಹ್ನವೇ ಬೇಟೆಗೆ ಬರೋದು ಕಾಣಬಹುದು.

ಇನ್ನು "ಸ್ನೆಟಿಶಮ್: ನಾಟ್ ಹಕ್ಕಿ, ಯಾವಾಗ ಬೇಕಾದರೂ." ಸ್ನೆಟಿಶಮ್ ಅಂದ್ರೆ ವಾಶ್ ಕೊಲ್ಲಿ ದಡದ ಊರು, ನಾಟ್ ಅಂದ್ರೆ ಕೆಸರಲ್ಲಿ ಮೇಯೋ ಸಣ್ಣ ಕಡಲಂಚಿನ ಹಕ್ಕಿ. ಇದನ್ನ ನಂಬಿ ಮಕ್ಕಳನ್ನ ಕರ್ಕೊಂಡು ಹೋದ್ರೆ ಬರೀ ಕೆಸರು ನೋಡಿ ವಾಪಸ್ ಬರಬೇಕು. ಇಳಿತದಲ್ಲಿ ನಾಟ್ ಎಲ್ಲವೂ ವಾಶ್ ಕೊಲ್ಲಿಯ ಕೆಸರಿನಲ್ಲಿ ದೂರ ದೂರ ಚದುರಿ ಮೇಯ್ತಿರತ್ತೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ದೊಡ್ಡ ಉಬ್ಬರ ಬರತ್ತಲ್ಲ, ಅದರಲ್ಲೂ ಆಗಸ್ಟ್‌ನಿಂದ ಚಳಿಗಾಲದವರೆಗಿನದ್ದು, ಆಗ ಕೆಸರು ಪೂರ್ತಿ ಮುಳುಗಿ ಹಿಂಡು ಹಿಂಡೇ ಎದ್ದು ಏರಿಯ ಹಿಂದಿನ ಜಲ್ಲಿಗುಂಡಿಗಳಿಗೆ ಬರತ್ತೆ. ಸಣ್ಣ ಉಬ್ಬರಕ್ಕೆ ಅಂಚಲ್ಲಿ ಕೆಸರು ಉಳಿಯತ್ತೆ, ಏಳೋದೇ ಇಲ್ಲ. ಉಬ್ಬರದ ಪಟ್ಟಿ ನೋಡಿ, ಪೂರ್ಣ ಉಬ್ಬರಕ್ಕೆ ಒಂದೂವರೆ ಗಂಟೆ ಮುಂಚೆ ಏರಿ ಮೇಲೆ ನಿಂತಿರಬೇಕು. ಕಾರು ನಿಲ್ಲಿಸೋ ಜಾಗದಿಂದ ಸುಮಾರು ಎರಡು ಕಿ.ಮೀ. ನಡಿಗೆ ಅಂತಾನೂ ಬರೆಸಿ.

ಸುಮಾ, 9:20
ಅಕ್ಕ, ಹೊಲದ ಭಾಗ ಸರಿ ಇದೆಯಾ? ಪಿಂಕ್‌ಫುಟೆಡ್ ಹೆಬ್ಬಾತು, ಕಾಲರ್ಡ್ ಡವ್ ಅಲ್ಲಿವೆ.

ಗಿರಿಜಕ್ಕ, 9:33
ಹೆಬ್ಬಾತು ಚಳಿಗಾಲದ್ದು ಅಂತ ಹಾಕಬೇಕು. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ನಿಂದ ಬರತ್ತೆ, ರಾತ್ರಿ ಕೊಲ್ಲಿಯ ಕೆಸರಲ್ಲಿ ಮಲಗಿ ಬೆಳಗಾಗ್ತಾ ಸಕ್ಕರೆ ಬೀಟ್ ಕಿತ್ತ ಹೊಲಕ್ಕೆ ಹೋಗತ್ತೆ. ಬೇಕಿರೋದು ಹೊಲದಲ್ಲೇ ಬಿಟ್ಟ ಎಲೆ, ಬೀಟಿನ ತಲೆತುಂಡು. ಕಿತ್ತ ಕೂಡಲೇ ಉತ್ತುಬಿಟ್ರೆ ಊಟ ಮಣ್ಣಡಿ. ಬೆಳದಿಂಗಳಿದ್ರೆ ರಾತ್ರಿಯೇ ಮೇಯೋದ್ರಿಂದ ಬೆಳಗಿನ ಹಾರಾಟ ನಂಬೋಕಾಗಲ್ಲ.

ಕಾಲರ್ಡ್ ಡವ್ ಚಿತ್ರ ದೊಡ್ಡದು ಮಾಡಿಸು ಸುಮಾ. ನಮ್ಮ ಬಯಲುಸೀಮೆಯ ಹೊಲದಲ್ಲಿ, ಜಾಲಿ ಮರದಲ್ಲಿ ಕಾಣೋ ಕತ್ತಿನ ಮೇಲೆ ಕಪ್ಪು ಗೆರೆಯ ಬೆಳವ ಇದೇ ಜಾತಿ. ಏಷ್ಯಾ ಕಡೆಯಿಂದ ಯುರೋಪ್‌ಗೆ ಹಬ್ಬಿ, ಬ್ರಿಟನ್‌ನಲ್ಲಿ ಮೊದಲು ಮರಿ ಮಾಡಿದ್ದು 1955ರಲ್ಲಿ, ಇದೇ ನಾರ್ಫೋಕ್‌ನ ಕ್ರೋಮರ್‌ನಲ್ಲಿ. ಆ ಮಕ್ಕಳಿಗೆ ಎರಡೂ ಊರಿನ ಹಕ್ಕಿ ಅದು.

ಸುಮಾ, 9:50
ಹಾಗಾದ್ರೆ ಕೊನೇ ಸಾಲು ಹೀಗೆ: "ಜೊಂಡನ್ನು ಚಳಿಗಾಲದಲ್ಲಿ ಪಾಳಿ ಮೇಲೆ ಕೊಯ್ದು, ಕಸರು ತೆಗೆದು, ಒಂದು ಭಾಗ ಮುಟ್ಟದೇ ಬಿಟ್ಟರೆ ಬಿಟರ್ನ್, ರೀಡ್ ವಾರ್ಬ್ಲರ್, ಬೇರ್ಡೆಡ್ ಟಿಟ್ ಮೂರಕ್ಕೂ ಜಾಗ ಇರುತ್ತದೆ." ರಘು, ಒಪ್ಪಿಗೇನಾ?

ರಘು, 9:54
ಒಪ್ಪಿಗೆ. ಬೇರ್ಡೆಡ್ ಟಿಟ್ ಚಿತ್ರದ ಕೆಳಗೆ ಇನ್ನೊಂದು ಸಾಲು ಹಾಕು: ಗಾಳಿ ಇಲ್ಲದ ಬೆಳಗ್ಗೆ ಹೋಗಿ. ಗಾಳಿ ಬೀಸಿದ್ರೆ ಜೊಂಡಿನ ಬುಡ ಸೇರಿಬಿಡತ್ತೆ, "ಪಿಂಗ್ ಪಿಂಗ್" ಅನ್ನೋ ದನಿಯೂ ಕಡ್ಡಿ ಸದ್ದಲ್ಲಿ ಕೇಳಲ್ಲ.