ಆ್ಯಪ್ ರೆಡಿ, ಬಳಸುವವರೇ ಇಲ್ಲ: ನಿಮಗೂ ಹೀಗಾಗಿತ್ತಾ?

ಪ್ರಶ್ನೆ: ಎಂಟು ತಿಂಗಳು ನಿದ್ದೆಗೆಟ್ಟು, ಮನೆಪಾಠ ಮಾಡುವವರಿಗೆ ಫೀಸಿನ ಲೆಕ್ಕ ಇಡುವ ಆ್ಯಪ್ ಮಾಡಿದೆ. ಗೆಳೆಯರೆಲ್ಲ ‘ಸೂಪರ್’ ಅಂದರು. 60 ಜನ ಇನ್‌ಸ್ಟಾಲ್ ಮಾಡಿಕೊಂಡರು. ಎರಡನೇ ವಾರ ತೆರೆದು ನೋಡಿದವರು ನಾಲ್ಕೇ ಜನ. ಜಾಹೀರಾತಿಗೆ ದುಡ್ಡು ಹಾಕಲಾ? ಅನುಭವ ಇದ್ದವರು ಹೇಳಿ.

ಉತ್ತರ 1: ಈಗಲೇ ಹಾಕಬೇಡಿ. ಬಂದವರೇ ನಿಲ್ಲುತ್ತಿಲ್ಲ, ಇನ್ನಷ್ಟು ಜನರನ್ನು ಕರೆತಂದು ಏನು ಮಾಡುತ್ತೀರಿ?

ನಾನು ಅಂಗಡಿಗಳಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡಿದ್ದೆ. ಯಾರೂ ಮುಟ್ಟಲಿಲ್ಲ. ಕೊನೆಗೆ ಒಬ್ಬರ ಪಕ್ಕ ಹೋಗಿ ಸುಮ್ನೆ ಕೂತೆ, ಏನೂ ಹೇಳಿಕೊಡದೆ. (ಬಾಯಿ ಮುಚ್ಚಿಕೊಂಡು ಕೂರೋದೇ ಕಷ್ಟದ ಕೆಲಸ.) ಅವರು ಮೂರು ಐಟಂ ಟೈಪ್ ಮಾಡಿದರು. ನಾಲ್ಕನೆಯದಕ್ಕೆ ಕೈ ನಿಂತಿತು. ತಮ್ಮ ಎಕ್ಸೆಲ್ ಶೀಟ್ ತೆರೆದು, ‘ಇದರಲ್ಲಿ 400 ಐಟಂ ಇದೆ, ಎಲ್ಲ ಮತ್ತೆ ನಾನೇ ಹೊಡೀಬೇಕಾ?’ ಅಂದರು. ಗ್ರಾಫ್‌ಗೆ ಬಣ್ಣ ಆರಿಸುತ್ತಾ ಎರಡು ವಾರ ಕಳೆದಿದ್ದೆ, ಶೀಟನ್ನು ಹಾಗೇ ಒಳಗೆ ಎಳೆದುಕೊಳ್ಳುವ ಒಂದು ಬಟನ್ ಇಟ್ಟಿರಲಿಲ್ಲ! ನಮ್ಮ ಎದುರಾಳಿ ಆ ಹಳೇ ಶೀಟೇ. ಚೆನ್ನಾಗಿಲ್ಲ ನಿಜ, ಆದರೆ ಅವರ ಕೈಗೆ ಒಗ್ಗಿದೆ.

ಉತ್ತರ 2: ಗೆಳೆಯರ ‘ಸೂಪರ್’ ಲೆಕ್ಕಕ್ಕಿಲ್ಲ. ನನಗೂ ಎಲ್ಲರೂ ಹಾಗೇ ಹೇಳಿದ್ದರು. ಮುಂದಿನ ತಿಂಗಳಿಂದ ದುಡ್ಡು ಕೊಡುತ್ತೀರಾ ಅಂದಾಗ ಮಾತು ಬೇರೆ ಕಡೆ ಹೋಯಿತು.

ಉತ್ತರ 3: ಆನ್‌ಲೈನ್ ಪಾವತಿ ಕಂಪನಿ ಸ್ಟ್ರೈಪ್ ಶುರು ಮಾಡಿದ ಕಾಲಿಸನ್ ಸಹೋದರರು, ‘ಟ್ರೈ ಮಾಡ್ತೀನಿ’ ಅಂದವರಿಗೆ ಲಿಂಕ್ ಕಳಿಸಿ ಕಾಯುತ್ತಿರಲಿಲ್ಲ. ‘ಲ್ಯಾಪ್‌ಟಾಪ್ ಕೊಡಿ’ ಅಂತ ಅಲ್ಲೇ ಸೆಟಪ್ ಮಾಡಿಕೊಡುತ್ತಿದ್ದರು. ಇನ್ನು ಫೈಲ್‌ಗಳನ್ನು ಆನ್‌ಲೈನಲ್ಲಿ ಇಡುವ ಡ್ರಾಪ್‌ಬಾಕ್ಸ್. 2008ರಲ್ಲಿ ಒಂದು ಡೆಮೊ ವಿಡಿಯೊದಿಂದ ಅವರ ವೇಟಿಂಗ್ ಲಿಸ್ಟ್ ಬೆಳಗಾಗುವಷ್ಟರಲ್ಲಿ 5,000ದಿಂದ 75,000ಕ್ಕೆ ಏರಿತ್ತು. ಇದನ್ನು ಕೇಳಿ ನಾನೂ ವಿಡಿಯೊ ಮಾಡಿದೆ, ನೋಡಿದ್ದು ನಮ್ಮ ಮನೆಯವರು ಮಾತ್ರ. ಡ್ರಾಪ್‌ಬಾಕ್ಸ್‌ನವರ ವಿಡಿಯೊದಲ್ಲಿ, ಸುದ್ದಿ ಲಿಂಕ್ ಹಂಚಿಕೊಳ್ಳುವ ಡಿಗ್ ಸೈಟಿನ ಓದುಗರಿಗಷ್ಟೇ ಹೊಳೆಯುವ ತಮಾಷೆಗಳಿದ್ದವು. ಯಾರಿಗೆ, ಎಲ್ಲಿ ತೋರಿಸಬೇಕು ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಟೀಚರ್‌ಗಳು ಎಲ್ಲಿ ಸಿಗುತ್ತಾರೆ?

ಕೇಳಿದವರು: ಪೋಷಕರ ವಾಟ್ಸಾಪ್ ಗ್ರೂಪ್‌ನಲ್ಲೇ ಇರುತ್ತಾರೆ. ಫೀಸ್ ನೆನಪಿಸೋದೂ ಅಲ್ಲೇ. ನನ್ನ ಆ್ಯಪ್‌ನಿಂದ ಅಲ್ಲಿಗೆ ಮೆಸೇಜ್ ಕಳಿಸೋಕೆ ಆಗಲ್ಲ... ಈಗ ಹೊಳೀತಿದೆ.

ಉತ್ತರ 1: ಹಾಗಂತ ಈಗಲೇ ಕೋಡ್ ಬರೆಯೋಕೆ ಕೂರಬೇಡಿ. ಆ ನಾಲ್ವರಿಗೆ ಫೋನ್ ಮಾಡಿ, ಬಿಟ್ಟುಹೋದವರಲ್ಲೂ ಇಬ್ಬರು ಮೂವರಿಗೆ. ‘ಆ್ಯಪ್ ಹೇಗಿದೆ’ ಅಂತ ಕೇಳಿದರೆ ಚೆನ್ನಾಗಿದೆ ಅಂತಾರೆ ಅಷ್ಟೇ. ಹೋದ ತಿಂಗಳ ಫೀಸ್ ಹೇಗೆ ವಸೂಲಿ ಮಾಡಿದಿರಿ ಅಂತ ಕೇಳಿ.