ಅವ್ವನ ಸುಸ್ತು ಇಳಿಯವಲ್ದು, ಊಟದಾಗ ಏನ್ ಬದಲಿ ಮಾಡ್ಲಿ?

ಪ್ರಶ್ನೆ (ಗದಗ): ಅವ್ವಗ 58 ವರ್ಷ, ತೂಕ 55 ಕೆ.ಜಿ. ಸಂಧಿವಾತ, ಶುಗರ್, ಥೈರಾಯ್ಡ್ ಮೂರೂ ಅದಾವ. ಶುಗರಿಗೆ ಮೆಟ್‌ಫಾರ್ಮಿನ್ ಗುಳಿಗಿ ನಡದೈತಿ. ಥೈರಾಯ್ಡ್ ಗುಳಿಗಿ ಮುಂಜಾನೆ ಚಾದ ಜೋಡಿನ ತಗೋತಾಳ. ಮಧ್ಯಾಹ್ನ ಆತಂದ್ರ ಏಳಾಕ ಆಗೂದಿಲ್ಲ ಅಂತಾಳ. ಹಿಮೋಗ್ಲೋಬಿನ್ 12.2, ಚಲೋನ ಐತಿ. ಜೀವಕೋಶಕ್ಕ ಶಕ್ತಿ ಬರತೈತಿ ಅಂತ ಒಬ್ರು ಕೋಕ್ಯೂ10 ಕ್ಯಾಪ್ಸೂಲ್ ಹೇಳ್ಯಾರ. ತರಸ್ಲ್ಯಾ? ಗೊತ್ತಿದ್ದವ್ರು ಹೇಳ್ರಿ.

ಆಹಾರತಜ್ಞೆ, ಹುಬ್ಬಳ್ಳಿ: ಈಗ ಬ್ಯಾಡ್ರಿ. ಜೀವಕೋಶದಾಗಿನ ಮೈಟೋಕಾಂಡ್ರಿಯಾ ಉಂಡದ್ದನ್ನ ಶಕ್ತಿ ಮಾಡ್ತಾವ ಅನ್ನೂದು ಖರೆ. ಆದ್ರ ಅದಕ್ಕ ಕಬ್ಬಿಣ, ಬಿ ಜೀವಸತ್ವ, ಮೆಗ್ನೀಷಿಯಂ ಎಲ್ಲಾ ಬೇಕು. ಯಾವುದು ಕಡಿಮಿ ಐತಿ ಅಂತ ನೋಡದ ದುಬಾರಿ ಕ್ಯಾಪ್ಸೂಲ್ ನುಂಗಿ ಉಪಯೋಗಿಲ್ಲ. ಹಿಮೋಗ್ಲೋಬಿನ್ ಸರಿ ಇದ್ರೂ ಕಬ್ಬಿಣದ ದಾಸ್ತಾನು ಖಾಲಿ ಆಗಿರಬಹುದು. ಆ ದಾಸ್ತಾನು ತೋರಸೂ ಫೆರಿಟಿನ್ ಪರೀಕ್ಷೆ ಮಾಡಸ್ರಿ, ಜೋಡಿಗೆ ಉರಿಯೂತ ತೋರಸೂ ಸಿಆರ್‌ಪಿ. ಸಂಧಿವಾತದ ಉರಿಯೂತದಾಗ ಫೆರಿಟಿನ್ ತಾನ ಏರತೈತಿ, ಹಿಂಗಾಗಿ 60-70 ಬಂದ್ರೂ ಕೊರತೆ ಇರಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಲೆ ತಗೊಂಡ್ರ ಬಿ12 ಇಳೀತೈತಿ, ಅದನ್ನೂ ನೋಡಸ್ರಿ. ಥೈರಾಯ್ಡಿನ ಟಿಎಸ್‌ಎಚ್, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಬಿಡಬ್ಯಾಡ್ರಿ.

ಔಷಧಿ ಅಂಗಡಿಯವರು, ಹಾವೇರಿ: ಚಾದ ಜೋಡಿ ಥೈರಾಯ್ಡ್ ಗುಳಿಗಿ ಅಂದ್ರ ಅರ್ಧ ತಪ್ಪು ಅಲ್ಲೇ ಸಿಕ್ತು ನೋಡ್ರಿ. ಎದ್ದ ಕೂಡ್ಲೇ ಬರೇ ನೀರಿನ ಜೋಡಿ ಗುಳಿಗಿ, ಚಾ-ನಾಷ್ಟಾ ಕಡಿಮಿ ಅಂದ್ರೂ ಅರ್ಧ ತಾಸು ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗಿಗೆ 4 ತಾಸು ಅಂತರ. ಊಟ ಆದ ಮ್ಯಾಲೂ ತಾಸು ಚಾ ಬ್ಯಾಡ, ಪಲ್ಯದಾಗಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತೂದಿಲ್ಲ. ಕೂದಲಕ್ಕ ಬಯೋಟಿನ್ ತಗೋತಿದ್ರ ಥೈರಾಯ್ಡ್ ಪರೀಕ್ಷೆಗೆ 2 ದಿನ ಮೊದಲ ನಿಲ್ಲಸ್ರಿ, ರಿಪೋರ್ಟ್ ತಪ್ಪು ಬರತೈತಿ. ರಕ್ತ ತೆಳು ಮಾಡೂ ವಾರ್ಫರಿನ್ ಇದ್ದವ್ರು ಡಾಕ್ಟರಿಗೆ ಕೇಳದ ಕೋಕ್ಯೂ10 ಮುಟ್ಟಬಾರ್ದು.

ಆಹಾರತಜ್ಞೆ: ಊಟದ ಮಾತು ಈಗ. 55 ಕೆ.ಜಿ.ಗೆ ದಿನಕ್ಕ ಸುಮಾರು 55 ಗ್ರಾಂ ಪ್ರೋಟೀನ್ ಬೇಕು. 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಾಗ 4 ಗ್ರಾಂ ಅಷ್ಟ. ಸಾರಿನಾಗ ಬ್ಯಾಳಿ ಎಲ್ಲಿರತೈತಿ, ಬರೇ ತಿಳಿ. ಅದಕ್ಕ ಎರಡೂ ಹೊತ್ತು ಕಾಳಿನ ಪಲ್ಯ ಬೇಕು: ಒಣ ಮಡಕಿಕಾಳು 30 ಗ್ರಾಂ ನೆನಸಿ ಮೊಳಕಿ ತರಸಿದ್ರ 7 ಗ್ರಾಂ, ಮ್ಯಾಲೆ ಲಿಂಬಿಹುಳಿ ಹಿಂಡ್ರಿ, ಕಬ್ಬಿಣ ಚಲೋ ಹಿಡೀತೈತಿ. ಒಂದು ದೊಡ್ಡ ವಾಟಗಾ ಮೊಸರು, ಒಂದು ಹಿಡಿ ಶೇಂಗಾ ತಲಾ 6 ಗ್ರಾಂ ಹತ್ರ. ತಿಂತಿದ್ರ ತತ್ತಿ. ನಾಷ್ಟಾಕ್ಕ ಬರೇ ಚುರಮುರಿ-ಚಾ ಮಾಡಿದ್ರ ಮಧ್ಯಾಹ್ನ ಸೋಲೂದು ಇದ್ದದ್ದ. ಕ್ರಿಯಾಟಿನಿನ್ ಹೆಚ್ಚಿದ್ರ ಈ ಲೆಕ್ಕ ಡಾಕ್ಟರ್ ಹೇಳಿದಂಗ ಇಳೀತೈತಿ.

ಫಿಸಿಯೋಥೆರಪಿಸ್ಟ್, ಧಾರವಾಡ: ಒಂದು ನೋಡ್ಕೋರಿ. ಕೆಲಸ ಮಾಡಿದ ಮರುದಿನ ಅಥವಾ ಅದರ ಮರುದಿನ ಸುಸ್ತು ದುಪ್ಪಟ್ಟು ಆಗ್ತಿದ್ರ 'ವಾಕಿಂಗ್ ಹೋಗು' ಅಂತ ಒತ್ತಾಯ ಮಾಡಬ್ಯಾಡ್ರಿ, ಡಾಕ್ಟರಿಗೆ ಇದನ್ನ ಬಿಡಿಸಿ ಹೇಳ್ರಿ. ರೊಟ್ಟಿ ಬಡಿಯೂದು ಭುಜ, ಮಣಿಕಟ್ಟಿಗೆ ಭಾರೀ ಕೆಲಸ. ಅರಿವಿ ಒಗಿಯೂ ದಿನ ರೊಟ್ಟಿ ಬಡೀಬಾರ್ದು, ಕಡಕ್ ರೊಟ್ಟಿ ತಂದಿಟ್ಟಿರ್ರಿ.

ಪ್ರಶ್ನೆ ಕೇಳಿದವರು: ಶ್ರಾವಣ ಸೋಮವಾರ ಉಪವಾಸ ಬಿಡಂಗಿಲ್ಲ ಅಕಿ!

ಆಹಾರತಜ್ಞೆ: ಸಾಬುದಾಣಿ ಬರೇ ಪಿಷ್ಟ, ಶುಗರ್ ಏರಸ್ತೈತಿ. ಅದರ ಬದಲಿ ಹಾಲು, ಶೇಂಗಾ, ಮೊಸರು. ಶುಗರ್ ಇಳಸೂ ಗ್ಲಿಮೆಪಿರೈಡ್ ಗುಳಿಗಿ ಅಥವಾ ಇನ್ಸುಲಿನ್ ಇದ್ರ ಡಾಕ್ಟರಿಗೆ ಕೇಳದ ಉಪವಾಸ ಬ್ಯಾಡ. ಶುಗರ್ ಭಾಳ ಇಳದು ಬೆವರು, ನಡುಕ ಬಂದ್ರ 3 ಸಣ್ಣ ಚಮಚ ಸಕ್ಕರಿ ನೀರಾಗ ಕಲಸಿ ಕೊಡ್ರಿ, 15 ನಿಮಿಷಕ್ಕ ಮತ್ತ ಶುಗರ್ ನೋಡ್ರಿ.