ಮ್ಯಾಪರ್‌ಗಳಿಗಾಗಿ ಕನ್ನಡ ಪಾಡ್‌ಕಾಸ್ಟ್ ಮಾಡೋಣ ಅಂತಿದ್ದೇವೆ, ದಾರಿ ತೋರಿಸಿ

ಏರಿಮೇಲೆ:
ಎಲ್ಲರಿಗೂ ನಮಸ್ಕಾರ. ನಾವು ತುಮಕೂರು, ಶಿರಾ ಕಡೆಯ ಐದು ಜನ. ಮೂರು ವರ್ಷದಿಂದ ಬಿಡುವಾದಾಗಲೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಆನ್‌ಲೈನ್ ಮ್ಯಾಪ್) ನಮ್ಮ ಕಡೆಯ ಊರು, ಕೆರೆ, ಗಾಡಿದಾರಿ ಸೇರಿಸುತ್ತಿದ್ದೇವೆ. ಹೊಸದಾಗಿ ಬರುವವರಿಗೆ ಕನ್ನಡದಲ್ಲಿ ಕೇಳೋಕೆ ಏನಾದರೂ ಇದ್ದರೆ ಚೆನ್ನಾಗಿರುತ್ತೆ ಅಂತ ತಿಂಗಳಿಗೊಂದು ಪಾಡ್‌ಕಾಸ್ಟ್ ಮಾಡುವ ಆಸೆ. ದುಡ್ಡಿನ ಯೋಚನೆ ಇಲ್ಲ.

ಹೋದ ಭಾನುವಾರ ಒಂದು ಕಂತು ರೆಕಾರ್ಡ್ ಮಾಡಿದೆವು. ಒಂದು ಗಂಟೆ ಇಪ್ಪತ್ತು ನಿಮಿಷ ಆಯಿತು. ಕಾಲ್‌ನಲ್ಲೇ ರೆಕಾರ್ಡ್ ಮಾಡಿದ್ದಕ್ಕೆ ಇಬ್ಬರ ದನಿ ಬಾವಿಯೊಳಗಿಂದ ಬಂದ ಹಾಗಿದೆ. ಮಾತೂ ಅಷ್ಟೇ, ಪೂರ್ತಿ ‘ಹೈವೇ ಈಕ್ವಲ್ಸ್ ಟ್ರ್ಯಾಕ್’, ‘ನೇಮ್ ಕೋಲನ್ ಕೆಎನ್’ ಅಂತ ಟ್ಯಾಗ್‌ಗಳೇ (ಇದು ಗಾಡಿದಾರಿ, ಇದು ಕನ್ನಡ ಹೆಸರು ಅಂತ ಮ್ಯಾಪಿಗೆ ತಿಳಿಸುವ ಗುರುತು). ತಂಗಿಗೆ ಕೇಳಿಸಿದೆ. ಹತ್ತು ನಿಮಿಷಕ್ಕೆ ಇಯರ್‌ಫೋನ್ ತೆಗೆದಿಟ್ಟು “ಅಣ್ಣಾ, ಯಾವ ಊರಿನ ವಿಷಯ ಅಂತಾನೇ ಗೊತ್ತಾಗ್ಲಿಲ್ಲ” ಅಂದಳು.

ಏನು ಮಾತಾಡಬೇಕು, ಬೇರೆ ಬೇರೆ ಊರಲ್ಲಿ ಕೂತು ಹೇಗೆ ರೆಕಾರ್ಡ್ ಮಾಡಬೇಕು, ಖರ್ಚಿಲ್ಲದೆ ಎಲ್ಲಿ ಹಾಕಬೇಕು, ಲೈಸೆನ್ಸ್ ತೊಂದರೆ ಏನಾದರೂ ಇದೆಯಾ? ಗೊತ್ತಿರುವವರು ಹೇಳಿ.

ಹಾಡಿಮನೆ:
ನಿಮ್ಮ ತಂಗಿ ಹೇಳಿದ್ದೇ ಸರಿ. ಕೇಳುವವರ ಮುಂದೆ ಮ್ಯಾಪ್ ಇರಲ್ಲ, ಬಸ್ಸಲ್ಲಿ ಇರ್ತಾರೆ, ಇಲ್ಲಾ ಪಾತ್ರೆ ತೊಳೀತಾ ಇರ್ತಾರೆ. ಟ್ಯಾಗ್‌ಗಳನ್ನೆಲ್ಲ ಕಂತಿನ ಕೆಳಗೆ ಬರೆದು ಹಾಕಿ, ಆ ಜಾಗದ ಮ್ಯಾಪ್ ಲಿಂಕ್ ಕೊಡಿ. ಮಾತಿಗೆ ಒಂದು ಕಂತಿಗೆ ಒಂದೇ ಜಾಗ ಸಾಕು.

ದನಿಯಿಂದಲೇ ಆಗುವ ಒಂದು ಕೆಲಸ ಇದೆ, ಊರಿನ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಕ್ಷಣ ಳ ಹೋಗಿ ಲ ಆಗುತ್ತೆ, ಣ ಹೋಗಿ ನ ಆಗುತ್ತೆ, ದೀರ್ಘ ಯಾವುದು ಹ್ರಸ್ವ ಯಾವುದು ಅಂತ ತಿಳಿಯಲ್ಲ. ನಮ್ಮ ಕಡೆ ಒಂದು ಊರಿನ ಬೋರ್ಡಿನಲ್ಲಿ ಬಿ-ಎ-ಎಲ್-ಇ ಅಂತ ಶುರುವಾಗುತ್ತೆ. ತೋಟ ಇರುವ ಜಾಗ ಅಲ್ವಾ ಅಂತ ನಾನು ಮನೆಯಲ್ಲೇ ಕೂತು ‘ಬಾಳೆ’ ಅಂತ ಹಾಕಿದ್ದೆ. ಒಂದು ವರ್ಷ ಹಾಗೇ ಇತ್ತು. ಆಮೇಲೆ ಅಲ್ಲಿಗೆ ಹೋದಾಗ ಬಸ್ ಸ್ಟಾಪಲ್ಲಿ ಕೂತಿದ್ದ ಅಜ್ಜಿ “ಬಾಳೆ ಅಲ್ಲ ಮಗಾ, ಬಳೆ” ಅಂತ ಕೈಯೆತ್ತಿ ತಮ್ಮ ಬಳೆ ಅಲ್ಲಾಡಿಸಿ ತೋರಿಸಿದರು. ಆ ದನಿ ರೆಕಾರ್ಡ್ ಮಾಡಿಕೊಳ್ಳಲಿಲ್ಲ ಅಂತ ಇವತ್ತಿಗೂ ಬೇಜಾರಿದೆ. ನೀವು ಪ್ರತಿ ಕಂತಿನಲ್ಲೂ ಆ ಊರಿನವರ ಬಾಯಲ್ಲೇ ಹೆಸರು ಹೇಳಿಸಿ. ನಾಲ್ಕಾರು ಸೆಕೆಂಡಿನ ಕೆಲಸ.

ತಂತಿವಾದ್ಯ:
ರೆಕಾರ್ಡಿಂಗ್ ಬಗ್ಗೆ ನಾನು ಹೇಳ್ತೀನಿ. ಕಾಲ್ ರೆಕಾರ್ಡ್ ಮಾಡಬೇಡಿ. ನೆಟ್ ತೊದಲಿದರೆ ದನಿಯೂ ತೊದಲುತ್ತೆ. ಜಿಟ್ಸಿಯಲ್ಲಿ (ಪುಕ್ಕಟೆ ವಿಡಿಯೋ ಕಾಲ್ ಆ್ಯಪ್) ಮಾತಾಡಿ, ಆದರೆ ಎಲ್ಲರೂ ಇಯರ್‌ಫೋನ್ ಹಾಕಿಕೊಂಡು ತಮ್ಮ ತಮ್ಮ ಫೋನಲ್ಲೋ ಕಂಪ್ಯೂಟರಲ್ಲೋ ತಮ್ಮ ದನಿ ಮಾತ್ರ ರೆಕಾರ್ಡ್ ಮಾಡಿಕೊಳ್ಳಲಿ, ಆಮೇಲೆ ಐದೂ ಫೈಲ್ ಒಬ್ಬರಿಗೆ ಕಳಿಸಿ. ಶುರುವಿನಲ್ಲಿ ಪ್ರತಿಯೊಬ್ಬರೂ ಒಂದು ಚಪ್ಪಾಳೆ ತಟ್ಟಿದರೆ ಆಡಾಸಿಟಿಯಲ್ಲಿ (ದನಿ ಎಡಿಟ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್) ಅದು ಮೊಳೆಯ ಹಾಗೆ ಎದ್ದು ಕಾಣುತ್ತೆ, ಅದನ್ನು ನೋಡಿ ಟ್ರ್ಯಾಕ್ ಜೋಡಿಸಬಹುದು. ಕೊನೆಯಲ್ಲೂ ಒಂದು ಚಪ್ಪಾಳೆ ಬೇಕು. ಎರಡು ಸಾಧನಗಳ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ, ಮಾತು ಉದ್ದ ಆದಷ್ಟೂ ಒಬ್ಬರ ದನಿ ಹಿಂದೆ ಬೀಳುತ್ತೆ.

ಮೊದಲ ಹತ್ತು ಸೆಕೆಂಡ್ ಯಾರೂ ಮಾತಾಡಬೇಡಿ. ಆ ಮೌನವನ್ನೇ ಆಯ್ದುಕೊಂಡು ನಾಯ್ಸ್ ರಿಡಕ್ಷನ್ ಮಾಡಿದರೆ ಫ್ಯಾನಿನ ಗುಂಯ್ ಅನ್ನೋದು ಕಮ್ಮಿಯಾಗುತ್ತೆ. ಜಾಸ್ತಿ ಎಳೆದರೆ ದನಿ ಡಬ್ಬದೊಳಗಿಂದ ಬಂದ ಹಾಗಾಗುತ್ತೆ, ಹುಷಾರು. ಖಾಲಿ ಹಾಲ್ ಬೇಡ. ಬಟ್ಟೆ ಬೀರು, ಹಾಸಿಗೆ ಇರುವ ರೂಮು ಒಳ್ಳೇದು. ದನಿಯ ಮಟ್ಟ ಮೋನೋಗೆ (ಒಂದೇ ಚಾನೆಲ್‌ನ ದನಿ) ಸುಮಾರು ಮೈನಸ್ 19 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರಾಗಿ ಕೇಳುತ್ತೆ ಅನ್ನೋದರ ಅಳತೆ) ಇರಲಿ. ಮೋನೋ ಎಂಪಿ3, 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಅರ್ಧ ಗಂಟೆ 14-15 ಎಂಬಿ ಅಷ್ಟೇ, ಹಳ್ಳಿ ನೆಟ್‌ನಲ್ಲೂ ಇಳಿಯುತ್ತೆ. ಫೈಲನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇಡಬಹುದು. ಪಾಡ್‌ಕಾಸ್ಟ್ ಆ್ಯಪ್‌ಗಳಿಗೆ ಸಿಗಬೇಕು ಅಂದರೆ ಆರ್‌ಎಸ್‌ಎಸ್ ಫೀಡ್ (ಹೊಸ ಕಂತು ಬಂದಿದ್ದನ್ನು ಆ್ಯಪ್‌ಗಳಿಗೆ ತಿಳಿಸುವ ಪಟ್ಟಿ) ಬೇಕೇ ಬೇಕು, ಅದನ್ನು ಮರೀಬೇಡಿ.

ಮೂರುದಾರಿ:
ಲೈಸೆನ್ಸ್ ವಿಷಯ. ಮ್ಯಾಪ್ ಡೇಟಾ 2012ರಿಂದ ಓಡಿಬಿಎಲ್ (ಡೇಟಾ ಮುಕ್ತವಾಗಿ ಬಳಸಲು ಬಿಡುವ ಲೈಸೆನ್ಸ್) ಕೆಳಗಿದೆ, ಆದರೆ ನಿಮ್ಮ ಮಾತು ನಿಮ್ಮದೇ. ಅದಕ್ಕೆ ಸಿಸಿ ಬೈ-ಎಸ್‌ಎ ಲೈಸೆನ್ಸ್ ಹಾಕಿದರೆ, ನಿಮ್ಮ ಹೆಸರು ಹೇಳಿ ಅದೇ ಲೈಸೆನ್ಸಿನಲ್ಲಿ ಬೇರೆಯವರೂ ಬಳಸಬಹುದು. ಕವರ್ ಚಿತ್ರಕ್ಕೆ ಮ್ಯಾಪ್ ತುಣುಕು ಹಾಕಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು ಅಂತ ಹೆಸರು ಹಾಕಲೇಬೇಕು. ಸಿನಿಮಾ ಹಾಡು ಬೇಡವೇ ಬೇಡ.

ನಮಗೆ ಆದದ್ದು ಒಂದು ಹೇಳ್ತೀನಿ. ರೆಕಾರ್ಡಿಂಗ್ ನಡೀತಿರುವಾಗ ಒಬ್ಬ ಹುಡುಗ ಖುಷಿಯಿಂದ, ಬೇರೊಂದು ಮ್ಯಾಪ್ ನೋಡಿಕೊಂಡು ನಲವತ್ತು ಅಂಗಡಿ ಹೆಸರು ಹಾಕಿದೆ ಅಂದ. ಬೇರೆಯವರ ಹಕ್ಕಿರುವ ಮ್ಯಾಪಿನಿಂದ ನಕಲು ಮಾಡಬಾರದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಭಾಗ ಕತ್ತರಿಸಿ ಸುಮ್ನೆ ಇರಬಹುದಿತ್ತು. ಆದರೆ ಕಂತನ್ನೇ ನಿಲ್ಲಿಸಿ, ಆ ಚೇಂಜ್‌ಸೆಟ್‌ಗಳನ್ನು (ಅವನು ಮ್ಯಾಪಿನಲ್ಲಿ ಮಾಡಿದ ಬದಲಾವಣೆಗಳನ್ನು) ವಾಪಸ್ ತೆಗೆಸಿ, ಎರಡು ಸಂಜೆ ಅವನ ಜೊತೆ ಬೀದಿ ಸುತ್ತಿ ಬೋರ್ಡ್ ನೋಡಿ ಮತ್ತೆ ಹಾಕಿದೆವು. ಅವನೇ ಅದನ್ನು ಮುಂದಿನ ಕಂತಿನಲ್ಲಿ ಹೇಳಿದ. ನೀವೂ ಯಾರದೇ ದನಿ ಹಾಕುವ ಮುಂಚೆ ಅವರಿಗೆ ಕೇಳಿಸಿ, ಒಪ್ಪಿಗೆ ತಗೊಳ್ಳಿ.

ಏರಿಮೇಲೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಕಂತು ಬಿಟ್ಟುಬಿಡುತ್ತೇವೆ. ಮೊದಲನೇದು ನಮ್ಮ ಊರ ಕೆರೆ ಮೇಲೆ. ತೂಬಿನಿಂದ ಶುರು ಮಾಡಿ ಏರಿ ಮೇಲೆ ನಡೆದುಕೊಂಡು ಕೋಡಿವರೆಗೆ. ಹಿಂದೆ ನೀರುಗಂಟಿ ಆಗಿದ್ದವರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಈ ಕೆರೆಯನ್ನು ಮ್ಯಾಪಿನಲ್ಲಿ ‘ಲೇಕ್’ ಅಂತ ಹಾಕಿದ್ದಾರೆ, ಕಟ್ಟಿದ ಕೆರೆ ಆದ್ದರಿಂದ ‘ರೆಸರ್ವಾಯರ್’ ಆಗಬೇಕಲ್ವಾ ಅನ್ನೋದೂ ಅವರ ಮಾತು ಕೇಳಿದರೆ ತಾನಾಗೇ ಗೊತ್ತಾಗುತ್ತೆ. ಒಂದೇ ಚಿಂತೆ, ಏರಿ ಮೇಲೆ ಗಾಳಿ ಜೋರು. ಫೋನ್ ಮೈಕಿಗೆ ಏನು ಮಾಡೋದು?

ತಂತಿವಾದ್ಯ:
ಮೈಕಿಗೆ ತೆಳು ಸ್ಪಂಜು ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ನಿಂತುಕೊಳ್ಳಿ, ಫೋನ್ ಅವರ ಬಾಯಿಗೆ ಒಂದು ಗೇಣು ದೂರ ಇರಲಿ. ಬೆಳಗ್ಗೆ ಬೇಗ ಹೋಗಿ, ಗಾಳಿ ಕಮ್ಮಿ ಇರುತ್ತೆ. ಕೋಡಿ ಹತ್ತಿರ ನೀರಿನ ಸದ್ದು ಬಂದರೆ ತೆಗೀಬೇಡಿ.